ಮೊಬೈಲ್ ಇಲ್ಲದಿದ್ದರೆ ಮಗಳು ಬಾಯೇ ಬಿಡಲ್ಲ, ನಿಮ್ಮ ಮನೆಯಲ್ಲಿ ಊಟ ಹೇಗೆ ನಡೆಯುತ್ತೆ?

ಗುಬ್ಬಿಮರಿಯಮ್ಮ, ಬೆಂಗಳೂರು
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ನಿನ್ನೆ ರಾತ್ರಿ ಆದಮೇಲೆ ಬರೆಯಲೇಬೇಕು ಅನ್ನಿಸಿತು.

ಮಗಳಿಗೆ ಮೂರು ವರ್ಷ ಎರಡು ತಿಂಗಳು. ಊಟಕ್ಕೆ ಕೂತರೆ ಮೊಬೈಲ್ ಬೇಕು. ಇಲ್ಲದಿದ್ದರೆ ಬಾಯಿ ಬಿಡಲ್ಲ. ಬಲವಂತ ಮಾಡಿ ಇಟ್ಟರೆ ತುತ್ತನ್ನು ಕೆನ್ನೆಗೆ ಸೇರಿಸಿಕೊಂಡು ಕೂರುತ್ತಾಳೆ. ಅಗಿಯಲ್ಲ, ನುಂಗಲ್ಲ, ಉಗುಳಲ್ಲ. ನಿನ್ನೆ ಒಂದು ಚಪಾತಿ ಮುಗಿಸೋಕೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಕೊನೆಗೆ ನಾನೇ ಅತ್ತುಬಿಟ್ಟೆ, ಅವಳು ಕಾರ್ಟೂನ್ ನೋಡುತ್ತಾ ಕೂತಿದ್ದಳು.

ದಿನಚರಿ ಹೇಳಿಬಿಡುತ್ತೇನೆ. ಬೆಳಗ್ಗೆ 8.15ಕ್ಕೆ ಎಬ್ಬಿಸುವುದು. ಅರ್ಧ ನಿದ್ದೆಯಲ್ಲೇ ಆಟೋದಲ್ಲಿ ಬಾಟಲಿ ಹಾಲು. ಪ್ಲೇಸ್ಕೂಲ್, ಆಮೇಲೆ ಅಲ್ಲೇ ಡೇಕೇರ್. ಡಬ್ಬಿ ಅರ್ಧಕ್ಕರ್ಧ ವಾಪಸ್. ಸಂಜೆ ಬಂದ ಕೂಡಲೇ ಹಾಲು, ಬಿಸ್ಕೆಟ್. ಯಜಮಾನರು ಬರುವುದು ಎಂಟೂವರೆ, ಒಂಬತ್ತು. ಒಂಬತ್ತೂವರೆಗೆ ಊಟದ ಯುದ್ಧ. ಮಲಗುವಾಗ ಮತ್ತೆ ಹಾಲು. ನಿದ್ದೆ ಹನ್ನೊಂದೂವರೆಗೆ. ನಮ್ಮ ಅತ್ತೆ "ಹೊಟ್ಟೆಗೆ ಬಿದ್ದರೆ ಸಾಕು, ಮೊಬೈಲ್ ಕೊಡಮ್ಮ" ಅನ್ನುತ್ತಾರೆ. ತೂಕ 12 ಕೇಜಿ. ಏನು ಮಾಡಲಿ?

ಕಾಫಿಗಿಡ, ಚಿಕ್ಕಮಗಳೂರು
ನಮ್ಮನೆ ಕಥೆ ಬರೆದಿದ್ದೀರಿ. ಹೆಸರು ಮಾತ್ರ ಬೇರೆ. ಉತ್ತರ ಬರಲಿ ಅಂತ ಇಲ್ಲೇ ಕೂತಿದ್ದೇನೆ.

ಸೀತಾಫಲ, ಮೈಸೂರು
ಎರಡು ಸಲ ಓದಿದೆ. ಮೊಬೈಲ್ ವಿಷಯ ಸ್ವಲ್ಪ ಪಕ್ಕಕ್ಕಿಡಿ. ದಿನಕ್ಕೆ ಒಟ್ಟು ಎಷ್ಟು ಹಾಲು ಹೋಗುತ್ತಿದೆ ಲೆಕ್ಕ ಹಾಕಿದ್ದೀರಾ? ನನ್ನ ದೊಡ್ಡವನು ಇದೇ ವಯಸ್ಸಲ್ಲಿ ಊಟವೇ ಬೇಡ ಅನ್ನುತ್ತಿದ್ದ. ಆಮೇಲೆ ಗೊತ್ತಾಯಿತು, ಅವನಿಗೆ ಹಸಿವಾಗೋಕೆ ನಾವು ಬಿಟ್ಟೇ ಇರಲಿಲ್ಲ.

ಗುಬ್ಬಿಮರಿಯಮ್ಮ
ಲೆಕ್ಕ ಹಾಕಿರಲೇ ಇಲ್ಲ. 250 ಮಿಲಿ ಬಾಟಲಿ, ಮೂರು ಸಲ. ಕೆಲವು ದಿನ ಮಧ್ಯರಾತ್ರಿ ಎದ್ದರೆ ಇನ್ನೊಂದು ಅರ್ಧ. ಅಯ್ಯೋ. ಹತ್ತಿರ ಹತ್ತಿರ ಒಂದು ಲೀಟರ್ ಆಯಿತು.

ಸ್ಟೆತಸ್ಕೋಪು, ಹುಬ್ಬಳ್ಳಿ
ಸೀತಾಫಲ ಅವರು ಕೈಯಿಟ್ಟದ್ದು ಸರಿಯಾದ ಜಾಗಕ್ಕೇ. ನಾನು ಮಕ್ಕಳ ಡಾಕ್ಟರು. ಇಲ್ಲಿ ಯಾರಿಗೂ ಔಷಧ ಬರೆದುಕೊಡಲ್ಲ. ಓಪಿಡಿಯಲ್ಲಿ ದಿನಾ ಹತ್ತು ಸಲ ಹೇಳುವುದನ್ನು ಹನ್ನೊಂದನೇ ಸಲ ಹೇಳುತ್ತೇನೆ, ಅಷ್ಟೇ.

ಹುಟ್ಟಿದಾಗಿನ ತೂಕ ಒಂದು ವರ್ಷ ತುಂಬುವ ಹೊತ್ತಿಗೆ ಮೂರು ಪಟ್ಟು ಆಗಿರುತ್ತೆ. ಎರಡನೇ ವರ್ಷ ಪೂರ್ತಿ ಸೇರಿ ಏರುವುದು ಎರಡು, ಎರಡೂವರೆ ಕೇಜಿ ಮಾತ್ರ. ಆಮೇಲೂ ಹೆಚ್ಚುಕಮ್ಮಿ ಅಷ್ಟೇ. ಬೆಳೆಯುವ ವೇಗ ಇಳಿದಾಗ ಹಸಿವೂ ಇಳಿಯುತ್ತೆ. ಮನೆಯವರು ಮಾತ್ರ ಎಂಟು ತಿಂಗಳ ಮಗುವಿನ ಹಸಿವನ್ನೇ ನೆನಪಿಟ್ಟುಕೊಂಡು ತುರುಕುತ್ತಿರುತ್ತಾರೆ. ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ಗೆರೆ ಇರುತ್ತಲ್ಲ, ಅದನ್ನು ನೋಡಿ. ಪಕ್ಕದ ಮನೆ ಮಗುವನ್ನಲ್ಲ.

ಹಾಲು ಈ ವಯಸ್ಸಿಗೆ ದಿನಕ್ಕೆ ಅರ್ಧ ಲೀಟರ್ ದಾಟಬಾರದು. ಹಾಲಲ್ಲಿ ಕಬ್ಬಿಣಾಂಶ ಇಲ್ಲ ಅನ್ನುವಷ್ಟು ಕಮ್ಮಿ. ಊಟದಲ್ಲಿ ಸಿಗುವ ಕಬ್ಬಿಣಾಂಶ ಮೈಗೆ ಹತ್ತುವುದಕ್ಕೂ ಅದರ ಕ್ಯಾಲ್ಸಿಯಂ ಅಡ್ಡ ಬರುತ್ತೆ. ಹೀಗೆ ರಕ್ತ ಕಮ್ಮಿಯಾಗುತ್ತೆ. ರಕ್ತ ಕಮ್ಮಿಯಾದರೆ ಹಸಿವು ಇನ್ನೂ ಸಾಯುತ್ತೆ. ಹಸಿವಿಲ್ಲ ಅಂತ ನೀವು ಇನ್ನೊಂದು ಬಾಟಲಿ ಕೊಡುತ್ತೀರಿ. ಗಾಣದೆತ್ತಿನ ಸುತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆ ಇತ್ತು. ಬಡವರ ಮನೆ ಕಾಯಿಲೆ ಅಂದುಕೊಳ್ಳಬೇಡಿ. ಕಾರಿನಲ್ಲಿ ಬಂದಿಳಿಯುವ ಗುಂಡು ಗುಂಡಗಿರುವ ಮಕ್ಕಳಲ್ಲೂ ದಿನಾ ನೋಡುತ್ತೇನೆ.

ಒಂದು ಪ್ರಶ್ನೆ. ಮಣ್ಣು, ಸೀಮೆಸುಣ್ಣ, ಗೋಡೆ ಕೆರೆದು ತಿನ್ನುವ ಅಭ್ಯಾಸ ಏನಾದರೂ ಇದೆಯಾ?

ಗುಬ್ಬಿಮರಿಯಮ್ಮ
ಡಾಕ್ಟರೇ, ಓದಿ ಎದೆ ಧಸಕ್ ಅಂದಿತು. ಹೋದ ತಿಂಗಳು ಪ್ಲೇಸ್ಕೂಲ್ ಮಿಸ್ "ಸೀಮೆಸುಣ್ಣ ಕಡಿಯುತ್ತಾಳೆ, ನೋಡ್ಕೊಳ್ಳಿ" ಅಂದಿದ್ದರು. ನಾನು ನಕ್ಕು ಬಿಟ್ಟಿದ್ದೆ.

ಸ್ಟೆತಸ್ಕೋಪು
ಹಾಗಾದರೆ ರಕ್ತ ಕಮ್ಮಿ ಇರಬಹುದು, ನಾಳೆಯೇ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಈ ವಯಸ್ಸಿಗೆ ಕಮ್ಮಿ ಅಂದರೂ 11 ಇರಬೇಕು. ಅಂಗಡಿಯಿಂದ ಟಾನಿಕ್ ತರಬೇಡಿ, ನಿಮ್ಮ ಡಾಕ್ಟರಿಗೆ ತೋರಿಸಿ.

ಸಿಲ್ಕ್‌ಬೋರ್ಡ್ ಸಂತ್ರಸ್ತ, ಬೆಂಗಳೂರು
ಒಬ್ಬ ಅಪ್ಪನೂ ಬಾಯಿ ಬಿಡಲಿ ಅಂತ ಬರೆಯುತ್ತಿದ್ದೇನೆ. ನನ್ನ ಮಗನಿಗೆ ನಾಲ್ಕು. ಒಂದು ದಿನ ಊಟಕ್ಕೆ ಕೂರುವಾಗ ಟಿವಿ ರಿಮೋಟ್ ತಂದು ತಟ್ಟೆಯ ಎಡಗಡೆ ಬೋರಲು ಹಾಕಿ ಇಟ್ಟುಕೊಂಡ. ಏನೋ ಇದು ಅಂದೆ. "ನಂದೂ ಇಲ್ಲಿರ್ಲಿ" ಅಂದ. ನನ್ನ ಎಡಗಡೆ ನೋಡಿಕೊಂಡೆ. ನನ್ನ ಫೋನ್ ಹಾಗೇ ಬೋರಲು ಬಿದ್ದಿತ್ತು.

ಅವತ್ತಿನಿಂದ ಅವನಿಗೆ ಬುದ್ಧಿ ಹೇಳುವುದು ಬಿಟ್ಟೆ. ನನ್ನ ಫೋನ್ ಎತ್ತಿಟ್ಟೆ. ನಿಜ ಹೇಳಬೇಕು ಅಂದರೆ ಮೊದಲ ವಾರ ಕಷ್ಟಪಟ್ಟವನು ನಾನು, ಅವನಲ್ಲ. ಆಫೀಸಿನ ಕರೆ ಬಂದರೆ ಎತ್ತಲೇಬೇಕಾದ ಆನ್‌ಕಾಲ್ ದಿನ ಈಗಲೂ ಸೋಲುತ್ತೇನೆ.

ಶೇಂಗಾಹಿಂಡಿ, ವಿಜಯಪುರ
ನನಗೆ ಮೂರು ಮೊಮ್ಮಕ್ಕಳು. ನಮ್ಮ ಕಡೆ ಇವತ್ತಿಗೂ ನೆಲದ ಮೇಲೆ ಸುತ್ತ ಕೂತು ಉಣ್ಣುವುದು. ಕೂಸಿಗೆ ಬೇರೆ ಹೊತ್ತು, ಬೇರೆ ಅಡುಗೆ ಅಂತ ಇಲ್ಲ. ರೊಟ್ಟಿಯ ಮೆತ್ತನೆಯ ಹೊಟ್ಟೆ ಭಾಗ ಹರಿದು ಬ್ಯಾಳಿಯಲ್ಲಿ ನೆನೆಸಿ ಮುಂದೆ ಇಟ್ಟರೆ ಮುಗಿಯಿತು. ತಿಂದಷ್ಟು ತಿನ್ನುತ್ತೆ, ಚೆಲ್ಲಿದಷ್ಟು ಚೆಲ್ಲುತ್ತೆ. ಖಾರ ಹಾಕುವ ಮುಂಚೆ ಪಲ್ಯ ಒಂದು ಬಟ್ಟಲು ತೆಗೆದಿಟ್ಟರೆ ಆಯಿತು.

ಚೆಲ್ಲುತ್ತೆ ಅಂತ ತಾಯಂದಿರು ಕೈಗೆ ಕೊಡಲ್ಲ. ಕೈಗೆ ಕೊಡದಿದ್ದರೆ ಅದಕ್ಕೆ ಊಟದಲ್ಲಿ ಏನು ಕೆಲಸ ತಂಗಿ? ಕೆಲಸ ಇಲ್ಲದವರೇ ಮೊಬೈಲ್ ನೋಡುವುದು.

ಕೆಂಪುಮೆಣಸು, ಬೆಂಗಳೂರು
ಅಜ್ಜಿ, ನಿಮ್ಮ ಮಾತು ಚೆನ್ನಾಗಿದೆ. ಆದರೆ ಒಂದು ಸಿಟ್ಟಿನ ಮಾತು ಹೇಳುತ್ತೇನೆ. ಇಲ್ಲಿ ಎಲ್ಲರ ಸಲಹೆಯೂ ಬಂದು ಬೀಳುವುದು ಅಮ್ಮನ ತಲೆ ಮೇಲೆ. ಅವರು ಕೆಲಸ ಮುಗಿಸಿ, ಟ್ರಾಫಿಕ್ ದಾಟಿ, ಮಗುವನ್ನು ಡೇಕೇರಿನಿಂದ ಎತ್ತಿಕೊಂಡು ಮನೆ ಸೇರುವುದೇ ಆರೂವರೆಗೆ. ಅಡುಗೆ, ಮರುದಿನದ ಡಬ್ಬಿ, ಪಾತ್ರೆ. ಆ ಮಧ್ಯೆ ಇಪ್ಪತ್ತು ನಿಮಿಷ ಕಾರ್ಟೂನ್ ಹಾಕಿದರೆ ಅದು ಸೋಮಾರಿತನ ಅಲ್ಲ, ಕುಕ್ಕರ್ ಕೂಗುವ ತನಕ ಮಗು ಒಲೆ ಹತ್ತಿರ ಬರದಿರಲಿ ಅಂತ. ಹೆಂಡತಿ ಬರೆದ ದಿನಚರಿಯಲ್ಲಿ ಗಂಡ ಕಾಣಿಸುವುದು ಒಂದೇ ಸಾಲಿನಲ್ಲಿ, ಅದೂ ಎಂಟೂವರೆಗೆ. ಅದನ್ನು ಯಾರೂ ಗಮನಿಸಲಿಲ್ಲ ಅಲ್ವಾ?

ಸಿಲ್ಕ್‌ಬೋರ್ಡ್ ಸಂತ್ರಸ್ತ
ಒಪ್ಪಿದೆ. ಹೊಡೆತ ನನಗೂ ಬಿತ್ತು.

ಸೀತಾಫಲ
ಕೆಂಪುಮೆಣಸು ಹೇಳಿದ್ದು ನಿಜ. ಅದಕ್ಕೇ ನಾನು ಹೊಸ ಕೆಲಸ ಹೇಳಲ್ಲ, ಇರುವ ಕೆಲಸದ ಹೊತ್ತು ಬದಲಿಸಿ ಅನ್ನುತ್ತೇನೆ. ಅಪ್ಪ ಬರುವ ತನಕ ಮಗು ಕಾಯಬೇಕು ಅಂತ ಯಾಕೆ? ಏಳು ಗಂಟೆಗೆ ಮಗುವಿಗೆ ಊಟ. ಅದಕ್ಕೆ ಮುಂಚಿನ ಹಾಲು, ಬಿಸ್ಕೆಟ್ ಬಂದ್. ಹಸಿದು ಬಂದಿರುವ ಮಗುವಿಗೆ ಆರೂವರೆಗೆ ಬಿಸ್ಕೆಟ್ ಕೊಟ್ಟು ಒಂಬತ್ತೂವರೆಗೆ "ಯಾಕೆ ಉಣ್ಣಲ್ಲ" ಅಂದರೆ ಅದು ಏನು ಹೇಳಬೇಕು? ಅಪ್ಪನ ಜೊತೆ ಊಟ ಬೇಕು ಅಂದರೆ ಬೆಳಗಿನ ತಿಂಡಿಗೆ ಜೊತೆಗೆ ಕೂರಲಿ. ನಮ್ಮಲ್ಲಿ ಹಾಗೇ ಆಯಿತು. ನಮ್ಮವರಿಗೆ ಇಡ್ಲಿ ಬಡಿಸೋಕೆ ಬಂದಿದ್ದೂ ಆಗಲೇ.

ಪುಟ್ಟೇನಹಳ್ಳಿ ಟೀಚರ್, ತುಮಕೂರು ಜಿಲ್ಲೆ
ನಾನು ಅಂಗನವಾಡಿ ಕಾರ್ಯಕರ್ತೆ. ಹದಿನೇಳು ವರ್ಷ ಆಯಿತು. ನನ್ನ ಹತ್ತಿರ ಈಗ ಇಪ್ಪತ್ತೆರಡು ಮಕ್ಕಳು. "ನಮ್ಮ ಮಗು ಮನೇಲಿ ಏನೂ ತಿನ್ನಲ್ಲ ಟೀಚರ್" ಅಂತ ಹೇಳದ ತಾಯಿ ಇಲ್ಲ. ಅದೇ ಮಕ್ಕಳು ಇಲ್ಲಿ ಸಾಲಾಗಿ ಚಾಪೆ ಮೇಲೆ ಕೂತು ಅನ್ನ ಸಾಂಬಾರು ಮುಗಿಸುತ್ತವೆ. ಮೊಟ್ಟೆ ಕೊಡುವ ದಿನ ನೋಡಬೇಕು. ಮೊದಲು ಬಿಳಿ ತಿಂದು ಹಳದಿ ಗುಂಡನ್ನು ಅಂಗೈಯಲ್ಲಿ ಇಟ್ಟುಕೊಂಡು ಪಕ್ಕದವನದ್ದು ಮುಗಿಯಿತಾ ಅಂತ ಕಾಯುತ್ತವೆ. ಮೊಬೈಲ್ ಇಲ್ಲ, ಟಿವಿ ಇಲ್ಲ. ಇರುವುದು ಪಕ್ಕದವನ ತಟ್ಟೆ ಮಾತ್ರ.

ಹಳ್ಳಿ ಅಂದರೆ ಎಲ್ಲ ಸರಿ ಅಂದುಕೊಳ್ಳಬೇಡಿ. ಬೆಳಗ್ಗೆ ಬರುವಾಗಲೇ ಕೈಯಲ್ಲಿ ಐದು ರೂಪಾಯಿ ಕುರುಕಲು ಪ್ಯಾಕೆಟ್. ಕೆಲವು ಮನೆಗಳಲ್ಲಿ ಎರಡು ವರ್ಷದ ಮಗುವಿಗೂ ಟೀಯಲ್ಲಿ ಬನ್ ಅದ್ದಿ ಕೊಡುತ್ತಾರೆ. ಟೀ ಕುಡಿದರೂ ಕಬ್ಬಿಣಾಂಶ ಮೈಗೆ ಹತ್ತಲ್ಲ. ನಾನು ಹೇಳಿ ಹೇಳಿ ಸಾಕಾಗಿ ಈಗ ಅಜ್ಜಿಯಂದಿರನ್ನು ಕರೆಸಿ ಕೂರಿಸಿ ಹೇಳುತ್ತೇನೆ. ತಾಯಿಗೆ ಹೇಳಿ ಪ್ರಯೋಜನ ಇಲ್ಲ, ಒಲೆ ಅಜ್ಜಿ ಕೈಯಲ್ಲಿ.

ಇನ್ನೊಂದು, ಪೇಟೆಯವರಿಗೆ ಗೊತ್ತಿರಲ್ಲ ಅಂತ ಹೇಳುತ್ತೇನೆ. ಆರು ತಿಂಗಳಿಂದ ಐದು ವರ್ಷದ ತನಕ ಕಬ್ಬಿಣಾಂಶದ ಸಿರಪ್ ವಾರಕ್ಕೆ ಎರಡು ಸಲ, ಒಂದೊಂದು ಮಿಲಿ, ಆಶಾ ಕಾರ್ಯಕರ್ತೆಯರ ಮೂಲಕ ಬರುತ್ತೆ. ವರ್ಷ ತುಂಬಿದ ಮಕ್ಕಳಿಗೆ ಜಂತುಹುಳದ ಮಾತ್ರೆ ವರ್ಷಕ್ಕೆ ಎರಡು ಸಲ. ಒಂಬತ್ತು ತಿಂಗಳಿಂದ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ವಿಟಮಿನ್ ಎ. ನಿಮ್ಮ ವಾರ್ಡಿನಲ್ಲೂ ಅಂಗನವಾಡಿ ಇರುತ್ತೆ. ಒಂದು ಸಲ ಹೋಗಿ ನೋಡಿ, ಯಾರೂ ಓಡಿಸಲ್ಲ.

ಕಾಫಿಗಿಡ
ಹಾಲಿಗೆ ಆ ಚಾಕೊಲೇಟ್ ಬಣ್ಣದ ಡಬ್ಬಿ ಪುಡಿ ಹಾಕಿದರೆ ಮಾತ್ರ ನಮ್ಮವನು ಕುಡಿಯುವುದು. ಅದರಲ್ಲಿ ಕಬ್ಬಿಣ, ವಿಟಮಿನ್ ಎಲ್ಲ ಇದೆ ಅಂತ ಬರೆದಿರುತ್ತಲ್ಲ? ಅದೂ ತಪ್ಪಾ?

ಸ್ಟೆತಸ್ಕೋಪು
ಡಬ್ಬಿ ತಿರುಗಿಸಿ ಹಿಂದಿನ ಪಟ್ಟಿ ಓದಿ. ಮುಂದಿನ ಚಿತ್ರ ಅಲ್ಲ. ನೂರು ಗ್ರಾಂಗೆ ಸಕ್ಕರೆ ಎಷ್ಟು ಅಂತ ಇರುತ್ತೆ. ನಾಲ್ಕು ಗ್ರಾಂ ಅಂದರೆ ಒಂದು ಟೀ ಚಮಚ ಅಂತ ಲೆಕ್ಕ ಹಾಕಿಕೊಳ್ಳಿ. 'ಹೆಲ್ತ್ ಡ್ರಿಂಕ್' ಅನ್ನುವ ಪದಕ್ಕೆ ನಮ್ಮ ಆಹಾರ ಕಾನೂನಿನಲ್ಲಿ ಅರ್ಥವೇ ಕೊಟ್ಟಿಲ್ಲ. ಅದಕ್ಕೇ 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಇಂಥ ಪಾನೀಯಗಳನ್ನು ಆ ಹೆಸರಿನ ವಿಭಾಗದಿಂದ ತೆಗೆಯಿರಿ ಅಂತ ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ವಿಷ ಅಂತ ನಾನು ಹೇಳಲ್ಲ. ಸಿಹಿ ತಿಂಡಿ ಅಂದುಕೊಂಡು ಕೊಡಿ, ಆಹಾರ ಅಂದುಕೊಂಡು ಕೊಡಬೇಡಿ. ಎರಡು ವರ್ಷದೊಳಗಿನವರಿಗೆ ಮೇಲೆ ಹಾಕುವ ಸಕ್ಕರೆಯೇ ಬೇಡ.

ಶೇಂಗಾಹಿಂಡಿ
ಬೆಲ್ಲ ನಡೆಯುತ್ತಾ ಡಾಕ್ಟರೇ?

ಸ್ಟೆತಸ್ಕೋಪು
ಬೆಲ್ಲವೂ ಸಕ್ಕರೆಯ ಅಣ್ಣನೇ ಅಮ್ಮ. ಅಜ್ಜಿಯಂದಿರ ಜೊತೆ ಜಗಳ ಬೇಡ ಅಂತ ಓಪಿಡಿಯಲ್ಲಿ ಇದನ್ನು ಮೆತ್ತಗೆ ಹೇಳುತ್ತೇನೆ.

ಮಳೆಹುಡುಗಿ, ಮ್ಯೂನಿಕ್
ಊಟದ ಮಾತೇ ಆಯಿತು, ಆಟದ ಬಗ್ಗೆ ಯಾರೂ ಬರೆಯಲಿಲ್ಲ. ನಾನು ಸಾಗರದವಳು. ಚಿಕ್ಕಂದಿನಲ್ಲಿ ಜೂನ್ ಬಂತು ಅಂದರೆ ಅಮ್ಮ ಹೊರಗೆ ಬಿಡುತ್ತಿರಲಿಲ್ಲ, ಶೀತ ಆಗುತ್ತೆ ಅಂತ. ಇಲ್ಲಿ ಮಗನನ್ನು ಶಿಶುವಿಹಾರಕ್ಕೆ ಸೇರಿಸಿದಾಗ ಮೊದಲು ಕೊಟ್ಟ ಸಾಮಾನಿನ ಪಟ್ಟಿಯಲ್ಲಿ ಪುಸ್ತಕ ಇರಲಿಲ್ಲ. ಮಳೆ ಪ್ಯಾಂಟು, ರಬ್ಬರ್ ಬೂಟು ಇತ್ತು. ಮಳೆ ಬರಲಿ, ಹಿಮ ಬೀಳಲಿ, ದಿನಾ ಹೊರಗೆ. ಮೊದಲ ವಾರ ನನ್ನ ಜೀವ ಬಾಯಿಗೆ ಬಂದಿತ್ತು. ಆದರೆ ಸಂಜೆ ಮನೆಗೆ ಬಂದವನು ತಟ್ಟೆ ಎದುರು ಕೂತು "ಅನ್ನ" ಅಂತ ಕೂಗೋಕೆ ಶುರು ಮಾಡಿದ. ನಮ್ಮನೆಯಲ್ಲಿ ಊಟದ ಜಗಳ ನಿಂತಿದ್ದು ಹಾಗೆ.

ಸ್ಟೆತಸ್ಕೋಪು
ಈ ಮಾತು ಬರಲಿ ಅಂತಲೇ ಕಾಯುತ್ತಿದ್ದೆ. ಮೂರು, ನಾಲ್ಕು ವರ್ಷದ ಮಗು ದಿನಕ್ಕೆ ಒಟ್ಟು ಮೂರು ಗಂಟೆ ಓಡಾಡಿಕೊಂಡಿರಬೇಕು, ಅದರಲ್ಲಿ ಒಂದು ಗಂಟೆ ಏದುಸಿರು ಬರುವ ಆಟ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ನಿದ್ದೆ 10ರಿಂದ 13 ಗಂಟೆ, ಮಧ್ಯಾಹ್ನದ್ದೂ ಸೇರಿ. ಪರದೆ ಒಂದು ಗಂಟೆಗಿಂತ ಜಾಸ್ತಿ ಬೇಡ. ಎರಡು ವರ್ಷದೊಳಗೆ ಬೇಡವೇ ಬೇಡ. ಈಗ ಮೊದಲ ಪೋಸ್ಟಿನ ದಿನಚರಿ ಮತ್ತೆ ಓದಿ. ನಿದ್ದೆ ಹನ್ನೊಂದೂವರೆಯಿಂದ ಎಂಟೂಕಾಲು. ಆಟ ಅನ್ನುವ ಮಾತೇ ಇಲ್ಲ.

ಕೆಂಪುಮೆಣಸು
ಮೂರು ಗಂಟೆ ಅಂದ ಕೂಡಲೇ ಅಮ್ಮಂದಿರು ಕ್ಲಾಸ್ ಹುಡುಕೋಕೆ ಶುರು ಮಾಡುತ್ತಾರೆ ನೋಡಿ. ಸ್ಕೇಟಿಂಗ್, ಜಿಮ್ನಾಸ್ಟಿಕ್ಸ್, ತಿಂಗಳಿಗೆ ಇಷ್ಟು ಸಾವಿರ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳು ಕಾರು ನಿಲ್ಲಿಸುವ ಜಾಗದಲ್ಲಿ ಬಣ್ಣದ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆ ಗೆರೆ ಹಾಕಿದವು. ಅಸೋಸಿಯೇಷನ್‌ನವರು ಬಂದು ನೆಲ ಗಲೀಜು ಅಂತ ಒರೆಸಿಸಿದರು. ನಾವು ನಾಲ್ಕು ಜನ ಹೋಗಿ ಜಗಳ ಆಡಿ ಸಂಜೆ ಆರರಿಂದ ಏಳು ಆ ಮೂಲೆಗೆ ಕಾರು ಬರಬಾರದು ಅಂತ ಮಾಡಿಸಿದೆವು. ಈಗ ಜೂಟಾಟ, ಕಣ್ಣಾಮುಚ್ಚಾಲೆ, ಎಲ್ಲ ಅಲ್ಲೇ. ಕಾಸು ಖರ್ಚಿಲ್ಲ. ಯಾವ ಮನೆಯವರು ಯಾವ ದಿನ ನೋಡಿಕೊಳ್ಳುವುದು ಅಂತ ಸರದಿ ಇದೆ. ಅಪ್ಪಂದಿರ ಹೆಸರೂ ಇದೆ.

ಗುಬ್ಬಿಮರಿಯಮ್ಮ
ರಿಪೋರ್ಟ್ ಬಂತು. ಹಿಮೋಗ್ಲೋಬಿನ್ 9.2. ನಮ್ಮ ಡಾಕ್ಟರು ಕಬ್ಬಿಣಾಂಶದ ಡ್ರಾಪ್ಸ್ ಬರೆದುಕೊಟ್ಟಿದ್ದಾರೆ. ಬಾಟಲಿ ಬಿಡಿಸಿ ಅಂದಿದ್ದಾರೆ. ಮೂರು ವಾರ ಬಿಟ್ಟು ಬಂದು ಬರೆಯುತ್ತೇನೆ.

ಸ್ಟೆತಸ್ಕೋಪು
ಹಾಲಿನ ಜೊತೆ ಡ್ರಾಪ್ಸ್ ಕೊಡಬೇಡಿ. ಮಲ ಕಪ್ಪಾದರೆ ಹೆದರಬೇಡಿ. ನಾಲಿಗೆಯ ಹಿಂದೆ ಹಾಕಿ, ಮುಂದಿನ ಹಲ್ಲಿಗೆ ತಾಗಿದರೆ ಕಲೆಯಾಗಬಹುದು. ಊಟದ ಜೊತೆ ನಿಂಬೆಹಣ್ಣು, ಸೀಬೆಹಣ್ಣು, ನೆಲ್ಲಿಕಾಯಿ ಏನಾದರೂ ಇರಲಿ, ಕಬ್ಬಿಣಾಂಶ ಚೆನ್ನಾಗಿ ಹತ್ತುತ್ತೆ. ಮತ್ತೆ, ಏನು ಬಡಿಸಬೇಕು, ಯಾವಾಗ, ಎಲ್ಲಿ ಅನ್ನುವುದು ನಿಮ್ಮ ಕೈಯಲ್ಲಿ. ಎಷ್ಟು ತಿನ್ನಬೇಕು ಅನ್ನುವುದು ಅವಳ ಕೈಯಲ್ಲಿ. ಅರ್ಧ ಗಂಟೆ ಆದಮೇಲೆ ತಟ್ಟೆ ಎತ್ತಿಬಿಡಿ. ಬೈಬೇಡಿ, ಹೊಗಳಲೂ ಬೇಡಿ.

ಗುಬ್ಬಿಮರಿಯಮ್ಮ
ಮೂರು ವಾರ ಅಂದಿದ್ದೆ, ಐದಾಯಿತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಬಾಟಲಿಯನ್ನು ಮೊದಲನೇ ದಿನವೇ ತೆಗೆದೆ. ಎರಡು ರಾತ್ರಿ ಅತ್ತಳು, ಮೂರನೇ ರಾತ್ರಿ ಇಲ್ಲ. ಈಗ ಸ್ಟೀಲ್ ಲೋಟದಲ್ಲಿ ಎರಡು ಹೊತ್ತು ಹಾಲು. ಫೋನುಗಳೆಲ್ಲ ಊಟದ ಹೊತ್ತಿಗೆ ಚಪ್ಪಲಿ ಗೂಡಿನ ಮೇಲಿನ ಬುಟ್ಟಿಗೆ. ಮೊದಲ ದಿನ ಅವಳು ಎರಡು ತುತ್ತು ತಿಂದು ಎದ್ದಳು. ನಾನು ಸುಮ್ಮನಿದ್ದೆ. ಸುಮ್ಮನಿರುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ನಾಲ್ಕನೇ ದಿನ ಅವಳೇ ಕೈಯಿಂದ ಮೊಸರನ್ನ ಕಲಸಿದಳು. ತಲೆಕೂದಲಿಗೂ ಕಲಸಿಕೊಂಡಳು. ಶೇಂಗಾಹಿಂಡಿ ಅಮ್ಮ, ನಿಮ್ಮನ್ನು ನೆನೆಸಿಕೊಂಡೆ.

ನಿಜವಾದ ಕಷ್ಟ ಕೊಟ್ಟವರು ನಮ್ಮ ಮಾವ. ಏಳು ಗಂಟೆಗೆ ಅವರಿಗೆ ಟಿವಿ ವಾರ್ತೆ ಬೇಕು. ಅತ್ತೆ ಎರಡು ದಿನ ಮುಖ ಊದಿಸಿಕೊಂಡಿದ್ದರು. ಮೂರನೇ ದಿನ ಸೀಮೆಸುಣ್ಣದ ಕಥೆ, ರಿಪೋರ್ಟಿನ 9.2, ಎಲ್ಲ ಬಿಡಿಸಿ ಹೇಳಿದೆ. ಕೇಳಿ ಸುಮ್ಮನಾದರು. ಸಂಜೆ ನೋಡಿದರೆ ರಾಗಿ ನೆನೆ ಹಾಕಿದ್ದರು. ಮಾವನ ಕೈಯಿಂದ ರಿಮೋಟ್ ಕಿತ್ತುಕೊಂಡವರೂ ಅವರೇ. ನಾನು ಹೇಳಿದ್ದರೆ ದೊಡ್ಡ ಗಲಾಟೆ ಆಗುತ್ತಿತ್ತು.

ಯಜಮಾನರು ಬೆಳಗಿನ ತಿಂಡಿ ಜವಾಬ್ದಾರಿ ತಗೊಂಡಿದ್ದಾರೆ. ವಾರಕ್ಕೆ ನಾಲ್ಕು ದಿನ ದೋಸೆ, ಬೇರೆ ಬರಲ್ಲ. ಏಳೂಕಾಲಿಗೆ ಊಟ, ಒಂಬತ್ತೂಮುಕ್ಕಾಲಿಗೆ ನಿದ್ದೆ. ಬೆಳಗ್ಗೆ ಏಳಕ್ಕೆ ತಾನಾಗೇ ಏಳುತ್ತಾಳೆ.

ಎಡವಿದ್ದೂ ಇದೆ. ಅರಸೀಕೆರೆಯಲ್ಲಿ ನಾದಿನಿ ಮಗನ ಮದುವೆಗೆ ಮೂರು ದಿನ ಹೋಗಿದ್ದೆವು. ಅಲ್ಲಿ ಹತ್ತು ಜನ ಹತ್ತು ಫೋನು ಕೊಟ್ಟರು. ವಾಪಸ್ ಬಂದಮೇಲೆ ನಾಲ್ಕು ದಿನ ಮತ್ತೆ ಮೊದಲಿನ ಹಾಗೇ. ಸೊಪ್ಪು ಇನ್ನೂ ತಿನ್ನಲ್ಲ. ನುಗ್ಗೆಸೊಪ್ಪನ್ನು ದೋಸೆಯಲ್ಲಿ ಹಾಕಿದರೂ ಹಸಿರು ಚುಕ್ಕೆ ಹೆಕ್ಕಿ ತಟ್ಟೆ ಅಂಚಿಗೆ ಸಾಲಾಗಿ ಇಡುತ್ತಾಳೆ.

ಸ್ಟೆತಸ್ಕೋಪು
ಇಡಲಿ ಬಿಡಿ. ಹೊಸ ರುಚಿ ಒಪ್ಪೋಕೆ ಹತ್ತು, ಹದಿನೈದು ಸಲ ಕಣ್ಣಿಗೆ ಬೀಳಬೇಕು. ಮುಟ್ಟಿದಳಲ್ಲ, ಅದೂ ಒಂದು ಸಲವೇ. ಡ್ರಾಪ್ಸ್ ಮಾತ್ರ ನಿಲ್ಲಿಸಬೇಡಿ. ಹಿಮೋಗ್ಲೋಬಿನ್ ಏರಿದ ಮೇಲೂ ಕೆಲವು ತಿಂಗಳು ಬೇಕಾಗುತ್ತೆ, ನಿಮ್ಮ ಡಾಕ್ಟರು ಹೇಳುವ ತನಕ.

ಕಾಫಿಗಿಡ
ನಮ್ಮನೆಯಲ್ಲಿ ಬುಟ್ಟಿ ಇಟ್ಟು ಒಂಬತ್ತು ದಿನ. ಐದು ದಿನ ಗೆದ್ದಿದ್ದೇವೆ. ಅಂದ ಹಾಗೆ, ನಿಮ್ಮ ಅತ್ತೆಯವರ ರಾಗಿ ಗಂಜಿಯ ಲೆಕ್ಕ ಹೇಳುತ್ತೀರಾ? ನಾನು ಮಾಡಿದರೆ ಗಂಟು ಗಂಟು.

ಗುಬ್ಬಿಮರಿಯಮ್ಮ
ಅತ್ತೆಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಬರೆಯುತ್ತಿದ್ದೇನೆ. ರಾಗಿ ತೊಳೆದು ಒಂದು ರಾತ್ರಿ ನೆನೆಸಿ. ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಇಡಿ, ಒಂದೆರಡು ದಿನದಲ್ಲಿ ಬಿಳಿ ಮೊಳಕೆ ಬರುತ್ತೆ. ನೆರಳಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ್ಮೆನ್ನುವ ತನಕ ಹುರಿದು ಬೀಸಿಸಿ. ಸಣ್ಣ ಮಗುವಿಗಾದರೆ ತೆಳು ಬಟ್ಟೆಯಲ್ಲಿ ಸೋಸಬೇಕು. ಮೂರು ವರ್ಷದವರಿಗೆ ಬೇಡವಂತೆ, ಸುಮ್ನೆ ಹಿಟ್ಟು ಹಾಳು. ಎರಡು ಚಮಚ ಹಿಟ್ಟನ್ನು ಮೊದಲು ತಣ್ಣೀರಲ್ಲಿ ಕದಡಿಕೊಂಡು ಆಮೇಲೆ ಒಲೆ ಮೇಲಿಡಿ. ಬಿಸಿನೀರಿಗೆ ಹಿಟ್ಟು ಸುರಿದರೆ ಗಂಟಾಗದೆ ಏನಾಗುತ್ತೆ ಅಂತ ಕೇಳುತ್ತಿದ್ದಾರೆ.